ತಂಬೂರಿಯ ಬೆನ್ನು ನೋಡದೆ ಹಣ ಕೊಡಬೇಡಿ

ಕಳೆದ ಶ್ರಾವಣದಲ್ಲಿ ಹಾವೇರಿ ಕಡೆಯ ನಿವೃತ್ತ ಶಿಕ್ಷಕರೊಬ್ಬರು ಹಳೆಯ ಸೀರೆಯಲ್ಲಿ ಸುತ್ತಿದ ತಂಬೂರಿಯೊಂದನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ಧಾರವಾಡದಲ್ಲಿ ವಾದ್ಯ ದುರಸ್ತಿ ಮಾಡುವ ನಮ್ಮ ಅಂಗಡಿಗೆ ಬಂದರು. ಊರಿನ ಭಜನಾ ಮಂಡಳಿಯವರು ವರ್ಷವಿಡೀ ಕೂಡಿಸಿದ ಹಣದಲ್ಲಿ ಆನ್‌ಲೈನ್ ಜಾಹೀರಾತು ನೋಡಿ ಕೊಂಡ ವಾದ್ಯ ಅದು. ಪಾಲಿಶ್ ಹೊಳೆಯುತ್ತಿತ್ತು, ಕೆಳಗಿನ ದುಂಡನೆಯ ಬುರುಡೆಯ ಮೇಲಿನ ಎಲೆಯ ಕೆತ್ತನೆ ಎಲ್ಲಿಯೂ ಮುಕ್ಕಾಗಿರಲಿಲ್ಲ. ಆದರೆ ತಂತಿಗಳು ಇರಲಿಲ್ಲ. ‘ಬರೇ ತಂತಿ ಹಾಕಿಸಿದ್ರ ಸಾಕು, ಉಳಿದದ್ದೆಲ್ಲಾ ಚಲೋ ಐತಿ ಅಂತ ಮಾರಿದವ್ರು ಹೇಳ್ಯಾರ್ರೀ’ ಎಂದರು. ನಾಲ್ಕು ತಂತಿ ಹಾಕಿ ಶ್ರುತಿಗೆ ಏರಿಸಲು ಕುಳಿತೆ. ಮೂರನೆಯ ತಂತಿ ಸ್ವರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಇಳಿದಿತ್ತು. ಅದನ್ನು ಸರಿಪಡಿಸಿದರೆ ಉಳಿದೆರಡು ಇಳಿದವು. ತಿರುಗಿಸಿ ನೋಡಿದಾಗ ಮೇಲಿನ ಉದ್ದನೆಯ ದಂಡಿ ಮತ್ತು ಬುರುಡೆ ಕೂಡುವ ಜಾಗದಲ್ಲಿ, ಬೆನ್ನಿನ ಕಡೆ, ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಬಾಯಿ ಬಿಟ್ಟಿತ್ತು. ತಂತಿ ಸಡಿಲಿಸಿದೆ, ಗೆರೆ ಮುಚ್ಚಿಕೊಂಡಿತು. ಮತ್ತೆ ಬಿಗಿದೆ, ಮತ್ತೆ ತೆರೆಯಿತು. ಶಿಕ್ಷಕರು ಅದನ್ನು ಎರಡು ಸಲ ನೋಡಿದರು, ಏನೂ ಮಾತಾಡಲಿಲ್ಲ.

‘ತಂತಿ ಹಾಕಿಸಿದರೆ ಸಾಕು’ ಎಂಬ ಈ ಒಂದು ಮಾತನ್ನು ಕುರಿತು ಬರೆಯಲೇಬೇಕು ಎಂದು ಅಂದು ತೀರ್ಮಾನಿಸಿದೆ. ಹಳೆಯ ತಂಬೂರಿ ಕೊಂಡು ತರುವವರಲ್ಲಿ ಬಹುಪಾಲು ಜನ ಈ ಮಾತನ್ನು ನಂಬಿಯೇ ಬರುತ್ತಾರೆ. ಮಾರುವವರೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಅಜ್ಜನದೋ ಅತ್ತೆಯದೋ ವಾದ್ಯವನ್ನು ಅಟ್ಟದಿಂದ ಇಳಿಸಿ, ಒರೆಸಿ, ಫೋಟೊ ತೆಗೆದು ಹಾಕುವವರಿಗೆ ಅದರ ಒಳಗಿನ ಸ್ಥಿತಿ ನಿಜವಾಗಿಯೂ ಗೊತ್ತಿರುವುದಿಲ್ಲ. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಮೇಲೆ, ಅನಂತರ ಮೊಬೈಲ್ ಫೋನಿನಲ್ಲಿಯೇ ಶ್ರುತಿ ಸಿಗುವಂತಾದ ಮೇಲೆ, ಎಷ್ಟೋ ಮನೆಗಳಲ್ಲಿ ನಿಜವಾದ ತಂಬೂರಿ ಗೋಡೆಯ ಮೂಲೆ ಸೇರಿತು. ಹಾಗೆ ಮೂಲೆ ಸೇರಿದಾಗ ತಂತಿಯನ್ನು ಇಳಿಸಿ ಇಡಬೇಕು ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಹತ್ತಿಪ್ಪತ್ತು ವರ್ಷ ಬಿಗಿದ ತಂತಿಯ ಎಳೆತದಲ್ಲಿಯೇ ನಿಂತ ವಾದ್ಯಗಳು ಈಗ ಮಾರಾಟಕ್ಕೆ ಬರುತ್ತಿವೆ.

ನಮ್ಮ ಭಾಗದಲ್ಲಿ ಸಿಗುವ ಹಳೆಯ ತಂಬೂರಿಗಳಲ್ಲಿ ಹೆಚ್ಚಿನವು ಮಹಾರಾಷ್ಟ್ರದ ಮೀರಜದವು. ಇದಕ್ಕೆ ಊರು ಹತ್ತಿರವಿರುವುದಷ್ಟೇ ಕಾರಣವಲ್ಲ. ಹಿಂದೂಸ್ತಾನಿ ಗಾಯನದ ಕಿರಾಣಾ ಘರಾಣೆಯ (ಪರಂಪರೆಯ) ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಮೀರಜದಲ್ಲಿ. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಿಂದ ಆ ಗಾಯನ ನಮ್ಮ ನೆಲದಲ್ಲಿ ಬೇರೂರಿತು, ಗಾಯನದ ಹಿಂದೆಯೇ ಮೀರಜದ ವಾದ್ಯವೂ ಬಂದಿತು. ಸಂಗೀತಗಾರರ ಮನೆಯಿಂದ ಅದು ಮಠಗಳಿಗೆ, ದಾಸರ ಪದ ಮತ್ತು ತತ್ವಪದ ಹಾಡುವ ಮಂಡಳಿಗಳಿಗೆ ಹರಡಿತು. ಮೀರಜದ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ಜಾಹೀರಾತುಗಳಲ್ಲಿ ಅದರ ಉಲ್ಲೇಖವನ್ನೂ ಈಗ ಕಾಣುತ್ತೇನೆ. ಆ ಮಾನ್ಯತೆ ಎಲ್ಲಿ, ಯಾವ ಬಗೆಯಲ್ಲಿ ಮಾಡಿದ್ದು ಎಂಬುದಕ್ಕೆ ಸಂಬಂಧಿಸಿದೆ. ನಲವತ್ತು ವರ್ಷ ಯಾರದೋ ಮನೆಯಲ್ಲಿದ್ದ ಒಂದು ವಾದ್ಯದ ಇಂದಿನ ಆರೋಗ್ಯದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೀರಜದ ತಂಬೂರಿ ಒಂದೇ ಮರದ ತುಂಡಲ್ಲ. ಕೆಳಗೆ ಪಂಢರಪುರದ ಕಡೆ ಬೆಳೆಯುವ ದೊಡ್ಡ ಸೋರೆಯ ಒಣಗಿದ ಬುರುಡೆ, ಅದರ ಬಾಯಿಗೆ ಮರದ ಮುಚ್ಚಳವಾದ ತಬಲಿ, ಮೇಲೆ ಟೊಳ್ಳಾದ ಮರದ ದಂಡಿ. ಬುರುಡೆಯನ್ನೂ ದಂಡಿಯನ್ನೂ ಬೆಸೆಯುವ ಮರದ ಕೊರಳಿಗೆ ಮೀರಜದ ಕಾರಿಗರರು ಗುಲು ಎನ್ನುತ್ತಾರೆ. ತಂತಿಯ ಒಂದು ತುದಿ ಬುರುಡೆಯ ತಳದಲ್ಲಿದೆ, ಇನ್ನೊಂದು ತುದಿ ಮೇಲೆ ತಂತಿ ಬಿಗಿಯಲು ತಿರುಗಿಸುವ ಬಿರಡೆಯಲ್ಲಿದೆ, ನಡುವೆ ಅದು ಕುದುರೆಯ, ಅಂದರೆ ತಬಲಿಯ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಸೇತುವೆಯ, ಮೇಲೆ ಹಾಯುತ್ತದೆ. ನಾಲ್ಕೂ ತಂತಿಗಳು ವಾದ್ಯದ ಮುಂಭಾಗದಲ್ಲಿಯೇ ಇರುವುದರಿಂದ ಅವು ಹಗಲಿರುಳು ದಂಡಿಯನ್ನು ಮುಂದಕ್ಕೆ ಬಾಗಿಸಲು ಎಳೆಯುತ್ತಿರುತ್ತವೆ. ಆ ಎಳೆತವನ್ನು ತಡೆದು ನಿಲ್ಲುವುದು ಗುಲುವಿನ ಬೆಸುಗೆ. ಬೆಸುಗೆಯ ಅಂಟು ಸೋತಾಗ ಮುಂಭಾಗದಲ್ಲಿ ಮರಕ್ಕೆ ಮರ ಒತ್ತಿಕೊಳ್ಳುವುದರಿಂದ ಅಲ್ಲಿ ಏನೂ ಕಾಣುವುದಿಲ್ಲ. ಬಿರುಕು ತೆರೆಯುವುದು ಬೆನ್ನಿನಲ್ಲಿ. ಮಾರುವವರು ಕಳಿಸುವ ಫೋಟೊಗಳೋ ಬಹುತೇಕ ಎಲ್ಲವೂ ಮುಂಭಾಗದವು, ಏಕೆಂದರೆ ಕೆತ್ತನೆ, ಕುದುರೆ, ಅಲಂಕಾರ ಎಲ್ಲವೂ ಅಲ್ಲಿಯೇ ಇವೆ.

ತಂತಿಯೇ ಇಲ್ಲದಿದ್ದರೆ ಬೆನ್ನಿನ ಫೋಟೊ ಕೂಡ ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನು ದಯವಿಟ್ಟು ಮತ್ತೊಮ್ಮೆ ಓದಿಕೊಳ್ಳಿ. ಎಳೆತ ಇಲ್ಲದಾಗ ಸೋತ ಬೆಸುಗೆಯೂ ಮುಚ್ಚಿಕೊಂಡು ಕುಳಿತಿರುತ್ತದೆ, ಅದರ ಮೇಲೆ ಹೊಸದಾಗಿ ಒಂದು ಕೈ ಪಾಲಿಶ್ ಹೊಡೆದರೆ ನನಗೂ ಕಾಣುವುದಿಲ್ಲ. ಹೊರೆ ಹೊರಿಸದೆ ಎತ್ತಿನ ಬಲ ಹೇಳಲಾಗುವುದಿಲ್ಲ, ತಂಬೂರಿಗೆ ತಂತಿಯೇ ಹೊರೆ. ತಂತಿಯಿಲ್ಲದ ವಾದ್ಯವನ್ನು ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಬೆಸುಗೆ ಬಿಚ್ಚಿ ಮತ್ತೆ ಕೂಡಿಸುವ ಖರ್ಚನ್ನು ಲೆಕ್ಕ ಹಿಡಿದೇ ಬೆಲೆ ಮಾತಾಡಿ ಎನ್ನುತ್ತೇನೆ. ತಂತಿಯ ಜೊತೆಗೆ ಸಿಗುವುದಾದರೆ ಮಾರುವವರಲ್ಲಿ ವಿನಯದಿಂದ ಒಂದು ಬೇಡಿಕೆ ಇಡಿ: ಸಂಜೆ ನಾಲ್ಕೂ ತಂತಿಗಳನ್ನು ಶ್ರುತಿಗೆ ತರಲಿ, ರಾತ್ರಿ ಹಾಗೆಯೇ ಇರಲಿ, ಬೆಳಿಗ್ಗೆ ಬೆನ್ನಿನ ಫೋಟೊವನ್ನು ಕಿಟಕಿಯ ಬೆಳಕಿನಲ್ಲಿ, ಗುಲುವಿನ ಹತ್ತಿರದಿಂದ ತೆಗೆಯಲಿ. ಅನಂತರ ತಂತಿ ಇಳಿಸಿ ಅದೇ ಜಾಗದ ಇನ್ನೊಂದು ಫೋಟೊ ಬೇಕು. ಎರಡರಲ್ಲಿಯೂ ಗೆರೆ ಒಂದೇ ಸಮನಾಗಿದ್ದರೆ ಅದು ಪಾಲಿಶ್ ಬಿರಿದದ್ದಿರಬಹುದು, ಹಳೆಯ ವಾದ್ಯದಲ್ಲಿ ಅದು ಸಹಜ. ಬಿಗಿದಾಗ ಅಗಲವಾಗಿ, ಇಳಿಸಿದಾಗ ಕಿರಿದಾಗುವ ಗೆರೆ ಮಾತ್ರ ಬೆಸುಗೆಯದು.

ಬೆಳಿಗ್ಗೆ ಶ್ರುತಿ ಎಷ್ಟು ಇಳಿದಿತ್ತು ಎಂದು ಕೇಳುವುದನ್ನೂ ಮರೆಯಬಾರದು. ಒಂದೇ ತಂತಿ ಇಳಿದಿದ್ದರೆ ಅದರ ಬಿರಡೆ ಜಾರಿರುತ್ತದೆ, ಸೀಮೆಸುಣ್ಣ ಹಚ್ಚಿದರೆ ಎಷ್ಟೋ ಸಲ ನಿಲ್ಲುತ್ತದೆ. ತಂತಿ ಹೊಸದಾಗಿದ್ದರೆ ಒಂದೆರಡು ದಿನ ಅದೇ ಹಿಗ್ಗುತ್ತದೆ, ಅದಕ್ಕೂ ಅವಕಾಶ ಕೊಡಬೇಕು. ಹಳೆಯ ತಂತಿಗಳು ನಾಲ್ಕೂ ಒಟ್ಟಿಗೆ ಇಳಿದಿದ್ದರೆ, ಒಂದನ್ನು ಏರಿಸಿದಾಗ ಉಳಿದ ಮೂರು ಎದ್ದು ಕೇಳುವಷ್ಟು ಇಳಿಯುತ್ತಿದ್ದರೆ, ಮೈಯೇ ಸರಿಯುತ್ತಿದೆ ಎಂದು ಅನುಮಾನಿಸಬೇಕು. ದಂಡಿ ಬಾಗಿದೆಯೇ ಎಂಬುದನ್ನು ಪಕ್ಕದಿಂದ ತೆಗೆದ ಫೋಟೊದಲ್ಲಿ ತಂತಿಗೆ ಹೋಲಿಸಿ ನೋಡಿ, ಬಿಗಿದ ತಂತಿಗಿಂತ ನೇರವಾದ ಅಳತೆಪಟ್ಟಿ ಬೇರೆ ಇಲ್ಲ. ಅಲ್ಪಸ್ವಲ್ಪ ಬಾಗಿದ್ದರೆ ಗಾಬರಿ ಬೇಡ. ಸಿತಾರಿನಂತೆ ತಂಬೂರಿಯಲ್ಲಿ ಮೆಟ್ಟಿಲುಗಳ ಮೇಲೆ ತಂತಿ ಒತ್ತಿ ನುಡಿಸುವುದಿಲ್ಲ. ಎಂದೋ ಬಾಗಿ ಅಲ್ಲಿಯೇ ನಿಂತ ದಂಡಿ ಇನ್ನೂ ಬಹಳ ವರ್ಷ ಬಾಳಬಹುದು. ಇವತ್ತಿಗೂ ಬಾಗುತ್ತಿರುವ ದಂಡಿಯ ಬಗ್ಗೆ ನನ್ನ ಆತಂಕ.

ಇದೆಲ್ಲವನ್ನೂ ಬಿಟ್ಟು ಜನ ನೋಡುವುದು ನಾದವನ್ನು. ಮಾರುವವರು ಕಳಿಸಿದ ಅರ್ಧ ನಿಮಿಷದ ವೀಡಿಯೊವನ್ನು ನನಗೆ ಕಳಿಸಿ ‘ನಾದ ಹೇಗಿದೆ ಹೇಳಿ’ ಎಂದು ಕೇಳುತ್ತಾರೆ. ಆ ನಾದವನ್ನು ಹುಟ್ಟಿಸುವುದು ಮುಖ್ಯವಾಗಿ ಜವಾರಿ, ಅಂದರೆ ಕುದುರೆಯ ಮೇಲ್ಮೈಗೆ ಕೊಟ್ಟ ಅತಿ ಸಣ್ಣ ಬಾಗು, ಮತ್ತು ತಂತಿಯ ಕೆಳಗೆ ಇಡುವ ಜೀವಾಳದ ದಾರ. ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ಮೂಕವಾಗಿದ್ದ ತಂತಿ ಝೇಂಕರಿಸುತ್ತದೆ, ಇನ್ನೊಂದಿಷ್ಟು ಸರಿಸಿದರೆ ಮತ್ತೆ ಸುಮ್ಮನಾಗುತ್ತದೆ. ಜವಾರಿ ಸವೆಯುವುದು ವಾದ್ಯದ ದೋಷವಲ್ಲ. ನುಡಿಸುವ ತಂಬೂರಿಯಲ್ಲಿ ಅದು ಸವೆಯಲೇಬೇಕು, ನಾವು ಅದನ್ನು ಉಜ್ಜಿ ಮತ್ತೆ ಕೂರಿಸುತ್ತೇವೆ, ಹೆಚ್ಚೆಂದರೆ ಅರ್ಧ ದಿನದ ಕೆಲಸ. ಹೀಗಾಗಿ ಕೆಟ್ಟ ನಾದ ಕೇಳಿ ಒಳ್ಳೆಯ ವಾದ್ಯವನ್ನು ಕೈಬಿಟ್ಟವರನ್ನೂ, ಇಂಪಾದ ನಾದಕ್ಕೆ ಮರುಳಾಗಿ ಕೊರಳು ಸೋತ ವಾದ್ಯವನ್ನು ಹೊತ್ತು ತಂದವರನ್ನೂ ನಾನು ಸಮವಾಗಿ ಕಂಡಿದ್ದೇನೆ. ಮೊಬೈಲಿನ ಮೈಕು ಕೆಳಗಿನ ಷಡ್ಜದ ಹಿತ್ತಾಳೆ ತಂತಿಯ ತುಂಬು ನಾದವನ್ನು ಅರ್ಧದಷ್ಟೂ ಹಿಡಿಯುವುದಿಲ್ಲ ಎಂಬುದು ಬೇರೆಯೇ ಮಾತು.

ತತ್ವಪದ ಹಾಡುವ ಹಿರಿಯರೊಬ್ಬರು ಕೆಲವು ವರ್ಷಗಳ ಹಿಂದೆ ಕೊಂಡ ತಂಬೂರಿಯನ್ನು ಇಲ್ಲಿ ನೆನೆಯಬೇಕು. ಪಾಲಿಶ್ ಕಿತ್ತುಹೋಗಿತ್ತು, ಒಂದು ಬಿರಡೆಯ ಜಾಗದಲ್ಲಿ ಬಡಗಿ ಕೆತ್ತಿಕೊಟ್ಟ ಗೂಟವಿತ್ತು, ಮೀಟಿದರೆ ಡಬ್ಬಿ ಬಡಿದಂತೆ ಕೇಳುತ್ತಿತ್ತು. ಅವರ ಮಗ ಬೇಡವೆಂದು ಹಟ ಹಿಡಿದಿದ್ದನಂತೆ. ಅವರು ಮಾತ್ರ ಮಾರುವವರ ಮನೆಗೇ ಹೋಗಿ, ತಂತಿ ಬಿಗಿಸಿ, ಗುಲುವಿನ ಬೆನ್ನಿನ ಮೇಲೆ ಹೆಬ್ಬೆರಳಿನ ಉಗುರು ಎಳೆದು ನೋಡಿ, ‘ಕೊರಳು ಗಟ್ಟಿ ಐತಿ, ಉಳಿದದ್ದು ನೀ ಮಾಡಿಕೊಡು ತಮ್ಮಾ’ ಎಂದು ನನ್ನ ಮುಂದೆ ತಂದಿಟ್ಟರು. ಜವಾರಿ ಕೂರಿಸಿ, ಒಂದು ಬಿರಡೆ ಬದಲಿಸಿ ಕೊಟ್ಟೆ. ಅಂದು ಸಂಜೆ ಅವರು ಅಂಗಡಿಯಲ್ಲಿಯೇ ಕುಳಿತು ಒಂದು ಗಂಟೆ ಹಾಡಿದರು. ಅಷ್ಟು ತುಂಬಿದ ಷಡ್ಜವನ್ನು ಹೊಸ ವಾದ್ಯಗಳಲ್ಲಿಯೂ ನಾನು ಹೆಚ್ಚು ಕೇಳಿಲ್ಲ.

ಉಳಿದ ತಪಾಸಣೆಗಳನ್ನು ಬೇಗ ಹೇಳಿ ಮುಗಿಸಬಹುದು. ಕುದುರೆಯ ಕೆಳಗೆ ತಬಲಿ ಕುಸಿದಿದೆಯೇ ಎಂದು ಅಡ್ಡಲಾಗಿ ಅಳತೆಪಟ್ಟಿ ಇಟ್ಟ ಫೋಟೊ ಕೇಳಿ. ಸೂಜಿಯ ಮೊನೆಯಷ್ಟು ತೂತು, ಹಿಟ್ಟಿನಂಥ ಪುಡಿ ಕಂಡರೆ ಹುಳು ಇನ್ನೂ ಒಳಗಿರಬಹುದು. ಬುರುಡೆಯ ಸೀಳನ್ನು ಒಳಗಿನಿಂದ ಬಟ್ಟೆ ಮತ್ತು ಅಂಟು ಹಚ್ಚಿ ಸರಿಪಡಿಸಬಹುದು, ತುಂಡು ಬಿದ್ದುಹೋಗಿದ್ದರೆ ಕಷ್ಟ. ಹಲಸಿನ ಮರದ ತಂಜಾವೂರು ಮಾದರಿಯ ತಂಬೂರಿಯಲ್ಲಿ ಸೋರೆ ಬುರುಡೆ ಇರುವುದಿಲ್ಲ, ಆದರೂ ಕೊರಳಿನ ಜಾಗದ ತಪಾಸಣೆ ಇದೇ ರೀತಿಯದು. ಆನೆದಂತದ ಅಲಂಕಾರವಿದೆ ಎಂದು ಹೆಮ್ಮೆಯಿಂದ ಬರೆದ ಜಾಹೀರಾತಿನಿಂದ ದೂರವಿರಿ. ನಮ್ಮ ದೇಶದಲ್ಲಿ ದಂತದ ವ್ಯಾಪಾರಕ್ಕೆ ನಿಷೇಧವಿದೆ.

ಗಾತ್ರದ ವಿಷಯವನ್ನು ಮಾತ್ರ ಬಿಡುವಂತಿಲ್ಲ, ಏಕೆಂದರೆ ಅದೂ ಕೊನೆಗೆ ಕೊರಳಿಗೇ ಬಂದು ಮುಟ್ಟುತ್ತದೆ. ಗಂಡಸರ ತಂಬೂರಿಯಲ್ಲಿ ನುಡಿಯುವ ತಂತಿಯ ಉದ್ದ ಸುಮಾರು ಒಂದು ಮೀಟರ್, ಹೆಂಗಸರದರಲ್ಲಿ ಅದರ ಮುಕ್ಕಾಲು ಪಾಲು. ಅಗ್ಗಕ್ಕೆ ಸಿಕ್ಕಿತೆಂದು ಕಪ್ಪು 1ರ, ಅಂದರೆ ಹಾರ್ಮೋನಿಯಂನ ಮೊದಲನೆಯ ಕಪ್ಪು ಮನೆಯ ಶ್ರುತಿಯ, ದೊಡ್ಡ ತಂಬೂರಿಯನ್ನು ಮಗಳಿಗಾಗಿ ಕೊಂಡು, ಅದನ್ನು ಕಪ್ಪು 4ಕ್ಕೆ ಏರಿಸಿಕೊಡಿ ಎನ್ನುವ ತಂದೆತಾಯಿಯರಿದ್ದಾರೆ. ಅದೇ ತಂತಿಯಲ್ಲಿ ಸ್ವರ ಒಂದೂವರೆ ಪಟ್ಟು ಏರಬೇಕಾದರೆ ಎಳೆತ ಎರಡೂಕಾಲು ಪಟ್ಟು ಆಗುತ್ತದೆ. ತಂತಿ ತುಂಡಾದರೆ ಅದೃಷ್ಟ. ತುಂಡಾಗದೆ ಉಳಿದರೆ ಭಾರವೆಲ್ಲ ಗುಲುವಿನ ಮೇಲೆ ಬೀಳುತ್ತದೆ. ಅಮೆರಿಕದಲ್ಲಿರುವ ಕನ್ನಡದ ತಾಯಿಯೊಬ್ಬರಿಗೆ ಇದನ್ನು ಫೋನಿನಲ್ಲಿ ಎರಡು ಸಲ ವಿವರಿಸಿದೆ, ಅವರು ಬೇಸರಿಸದೆ ಕೇಳಿ ಚಿಕ್ಕ ತಂಬೂರಿಯನ್ನೇ ಹುಡುಕಿಕೊಂಡರು.

ಫೋಟೊ ನೋಡಿ ನಾನು ಹೇಳುವುದೆಲ್ಲ ಅಂದಾಜು ಎಂಬುದನ್ನು ಮರೆಯದಿರಿ. ಕೈಯಲ್ಲಿ ಹಿಡಿದು, ಬುರುಡೆ ತಟ್ಟಿ ನೋಡದೆ ಯಾವ ವಾದ್ಯಕ್ಕೂ ನಾನು ಖಾತರಿ ಕೊಡಲಾರೆ. ಪಾರ್ಸೆಲ್ಲಿನಲ್ಲಿ ತರಿಸುವುದಾದರೆ ತಂತಿಗಳನ್ನು ಸಡಿಲಿಸಲು ಹೇಳಿ, ಆದರೆ ಪೂರ್ತಿ ಬಿಚ್ಚದಿರಲಿ, ಕುದುರೆ ನಿಂತ ಜಾಗಕ್ಕೆ ಪೆನ್ಸಿಲಿನ ಗುರುತು ಹಾಕಲಿ. ತಲುಪಿದ ಮೇಲೆ ಒಂದು ದಿನ ಮನೆಯ ಹವೆಯಲ್ಲಿ ಇಟ್ಟು, ಅನಂತರವೇ ನಿಧಾನವಾಗಿ ಏರಿಸಿ.

ಹಾವೇರಿಯ ಶಿಕ್ಷಕರ ತಂಬೂರಿಯ ಕೊರಳನ್ನು ಬಿಚ್ಚಿ, ಹಳೆಯ ಅಂಟು ಕೆರೆದು, ಹೊಸದಾಗಿ ಬೆಸೆದು ಒಣಗಿಸಲು ಮೂರು ವಾರ ಹಿಡಿಯಿತು. ಮಂಡಳಿಯವರು ಮತ್ತೊಮ್ಮೆ ಹಣ ಕೂಡಿಸಬೇಕಾಯಿತು, ಅದು ನನಗೆ ಇಂದಿಗೂ ಸಂಕಟದ ವಿಷಯ. ಈಗ ಅವರು ಪ್ರತಿ ಏಕಾದಶಿಯ ಭಜನೆಗೆ ಶ್ರುತಿ ಮಾಡಿದ ಮೇಲೆ ಬೆನ್ನಿನ ಫೋಟೊ ತೆಗೆದು ನನಗೆ ಕಳಿಸುತ್ತಾರೆ. ಮೊನ್ನೆಯ ಫೋಟೊದವರೆಗೆ ಗೆರೆ ಕಾಣಿಸಿಕೊಂಡಿಲ್ಲ.