ಚಂದ್ರಯಾನದ ಖರ್ಚೂ ನಿಂತುಹೋದ ಗಡಿಯಾರಗಳೂ

ಶ್ರೀಹರಿಕೋಟಾದಿಂದ ದೊಡ್ಡ ರಾಕೆಟ್ಟೊಂದು ಹಾರಿದಾಗಲೆಲ್ಲ ನಮ್ಮಲ್ಲಿ ಒಂದು ಗಾದೆಯೂ ಮೇಲೇಳುತ್ತದೆ: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಅದರ ಬೆನ್ನಿಗೇ ಉತ್ತರವೂ ಬರುತ್ತದೆ: ಹಾಲಿವುಡ್ ಸಿನಿಮಾ ಒಂದರ ಖರ್ಚಿಗಿಂತ ಕಡಿಮೆಯಲ್ಲಿ ಇಸ್ರೋ ಮಂಗಳ ಮುಟ್ಟಿತಲ್ಲ! ಬೈಯುವವರ ಕಣ್ಣೂ ಹೊಗಳುವವರ ಕಣ್ಣೂ ಚಂದ್ರ-ಮಂಗಳರ ಮೇಲೆಯೇ. ದುಡ್ಡು ಸೋರುವ ಜಾಗ ಬೇರೆ ಇದೆ.

ಮೊದಲು ಮೊತ್ತ ನೋಡೋಣ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು ₹13,416 ಕೋಟಿ. ಒಟ್ಟು ಬಜೆಟ್ ₹50.65 ಲಕ್ಷ ಕೋಟಿ. ಅಂದರೆ ನೂರು ರೂಪಾಯಿಗೆ 26 ಪೈಸೆ. ಅದೇ ವರ್ಷ ರಸಗೊಬ್ಬರದ ಸಬ್ಸಿಡಿಗೆ ತೆಗೆದಿಟ್ಟದ್ದು ₹1.67 ಲಕ್ಷ ಕೋಟಿ. ಬಾಹ್ಯಾಕಾಶದ ಇಡೀ ವರ್ಷದ ದುಡ್ಡು ಗೊಬ್ಬರದ ಸಬ್ಸಿಡಿಗೆ ಒಂದು ತಿಂಗಳಿಗೂ ಸಾಲದು. ಇಸ್ರೋಗೆ ಬೀಗ ಜಡಿದರೆ ಬಡತನ ನೀಗುತ್ತದೆ ಎಂಬ ವಾದ ಇಲ್ಲಿಗೇ ಮುಗಿಯಿತು. ಹಾಗಂತ ಮೊತ್ತ ಚಿಕ್ಕದೆಂದ ಮಾತ್ರಕ್ಕೆ ಖರ್ಚು ಸರಿಯಾಗಿದೆ ಎಂದೂ ಆಗಲಿಲ್ಲ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ತಿರುವನಂತಪುರದ ಹತ್ತಿರದ ತುಂಬಾದಿಂದ ಮೊದಲ ರಾಕೆಟ್ ಹಾರಿದ್ದು 1963ರ ನವೆಂಬರ್ 21ರಂದು. ಅದು ಅಮೆರಿಕದಿಂದ ತಂದ ನೈಕಿ-ಅಪಾಚೆ. ಬಡ ದೇಶಕ್ಕೆ ಇದೆಲ್ಲ ಯಾಕೆ ಎಂಬ ಪ್ರಶ್ನೆ ಅಂದೇ ಇತ್ತು. ನಮ್ಮ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಅಡಿಪಾಯ ಹಾಕಿದ ವಿಕ್ರಮ್ ಸಾರಾಭಾಯಿ ಅದಕ್ಕೆ ಕೊಟ್ಟ ಉತ್ತರವನ್ನು ಇಸ್ರೋ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ, ಆದರೆ ಹೆಚ್ಚಾಗಿ ಕೇಳಿಬರುವುದು ಅದರ ಒಂದು ತುಂಡು. ಮುಂದುವರಿದ ತಂತ್ರಜ್ಞಾನವನ್ನು ಜನರ ಸಮಸ್ಯೆಗಳಿಗೆ ಹಚ್ಚುವುದರಲ್ಲಿ ನಾವು ಯಾರಿಗೂ ಕಡಿಮೆಯಾಗಬಾರದು ಎಂಬುದು ಆ ತುಂಡು. ಅದೇ ಉಸಿರಿನಲ್ಲಿ ಅವರು ಇನ್ನೊಂದನ್ನೂ ಹೇಳಿದ್ದರು: ಚಂದ್ರ, ಗ್ರಹಗಳ ಶೋಧನೆಯಲ್ಲಾಗಲಿ ಮನುಷ್ಯರನ್ನು ಮೇಲೆ ಕಳಿಸುವುದರಲ್ಲಾಗಲಿ ಸಿರಿವಂತ ದೇಶಗಳ ಜೊತೆ ಪೈಪೋಟಿಗಿಳಿಯುವ ಭ್ರಮೆ ನಮಗಿಲ್ಲ. ಸರ್ಕಾರದ ದುಡ್ಡು ಬಂದದ್ದು ಈ ಎರಡೂ ಮಾತುಗಳ ಮೇಲೆ.

ಆ ಮಾತಿಗೆ ಮೊದಲ ಪರೀಕ್ಷೆ ನಡೆದ ಜಾಗಗಳಲ್ಲಿ ನಮ್ಮ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ಕಾರ್ಯಕ್ರಮ ಕೊಟ್ಟ ‘ಸೈಟ್’ ಪ್ರಯೋಗ ಅದು. ಉಪಗ್ರಹ ನಾಸಾದ ಎಟಿಎಸ್-6. ಅಮೆರಿಕ ಅದನ್ನು ಒಂದು ವರ್ಷದ ಮಟ್ಟಿಗೆ ನಮ್ಮ ಕಡೆ ಸರಿಸಿಕೊಟ್ಟಿತ್ತು. ಮೇಲಿನ ಉಪಗ್ರಹದ ಆಂಟೆನಾ ಮೂವತ್ತು ಅಡಿ ಅಗಲ ಇದ್ದುದರಿಂದ ಕೆಳಗಿನದು ಹತ್ತು ಅಡಿ ಇದ್ದರೆ ಸಾಕಿತ್ತು. ಕೋಳಿಗೂಡಿಗೆ ಹೊಡೆಯುವ ತಂತಿಬಲೆಯನ್ನೇ ಲೋಹದ ಚೌಕಟ್ಟಿಗೆ ಬಿಗಿದು ತಟ್ಟೆ ಮಾಡಿದರು. 860 ಮೆಗಾಹರ್ಟ್ಸ್‌ನಂಥ ತರಂಗಕ್ಕೆ ಬಲೆಯ ಕಣ್ಣುಗಳು ಎಷ್ಟೋ ಚಿಕ್ಕವು. ಅದರ ಪಾಲಿಗೆ ಬಲೆಯೂ ಒಂದೇ, ತಗಡೂ ಒಂದೇ. ಗಾಳಿಗೆ ಮಾತ್ರ ಬಲೆ ದಾರಿ ಬಿಡುತ್ತದೆ, ತಗಡು ಬಿಡುವುದಿಲ್ಲ. ವರ್ಷ ಮುಗಿದ ಮೇಲೆ ಉಪಗ್ರಹ ವಾಪಸಾಯಿತು, ಪರದೆ ಖಾಲಿಯಾಯಿತು. ಕಲಬುರಗಿಯಲ್ಲಿ 1977ರಲ್ಲೇ ದೂರದರ್ಶನ ಕೇಂದ್ರ ಬಂದದ್ದು ಇದರ ಮುಂದುವರಿಕೆಯಾಗಿ, ಬೆಂಗಳೂರಿಗಿಂತ ಮೊದಲು.

ಇದೇ ಹೊತ್ತಿಗೆ ಯು.ಆರ್. ರಾವ್ ತಂಡ ಪೀಣ್ಯದ ಶೆಡ್ಡುಗಳಲ್ಲಿ ದೇಶದ ಮೊದಲ ಉಪಗ್ರಹವಾದ, 360 ಕೆ.ಜಿ. ತೂಕದ ಆರ್ಯಭಟವನ್ನು ಕಟ್ಟಿತ್ತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಹಾರಿದ ಅದು ಐದು ದಿನಗಳೊಳಗೆ ವಿದ್ಯುತ್ ವ್ಯವಸ್ಥೆ ಕೆಟ್ಟು, ವೈಜ್ಞಾನಿಕ ಉಪಕರಣಗಳನ್ನು ಬಂದ್ ಮಾಡಬೇಕಾಯಿತು. ಸೋತಿತೇ? ವೈಜ್ಞಾನಿಕ ಮಾಹಿತಿಯ ಮಟ್ಟಿಗೆ ಹೌದು. ಆದರೆ ಉಪಗ್ರಹ ಕಟ್ಟುವುದು ಹೇಗೆಂದು ಗೊತ್ತಾದ ಇಂಜಿನಿಯರುಗಳ ಒಂದು ತಲೆಮಾರು ಅಲ್ಲಿ ತಯಾರಾಯಿತು. ಅದನ್ನು ಲೆಕ್ಕದ ಯಾವ ಕಾಲಮ್ಮಿನಲ್ಲಿ ಬರೆಯುವುದೆಂದು ಲೆಕ್ಕಪರಿಶೋಧಕರಿಗೆ ತಿಳಿಯದು, ಅಷ್ಟೆ.

ಬಾಹ್ಯಾಕಾಶದ ದುಡ್ಡು ಜೀವ ಉಳಿಸಿತು ಎನ್ನುವಾಗ ಎಲ್ಲರೂ ಕೊಡುವ ಉದಾಹರಣೆ ಚಂಡಮಾರುತ. ಉದಾಹರಣೆ ಸರಿ, ಹೇಳುವ ರೀತಿ ಅರ್ಧ ಸರಿ. 1977ರ ನವೆಂಬರಿನಲ್ಲಿ ಆಂಧ್ರದ ದಿವಿಸೀಮಾಕ್ಕೆ ಬಡಿದ ಬಿರುಗಾಳಿಗೆ ಸುಮಾರು 10,000 ಜನ ಸತ್ತರು. 1983ರಲ್ಲಿ ಇನ್‌ಸ್ಯಾಟ್-1ಬಿ ಮೇಲೆ ಹೋಯಿತು. ಅದರ ಹಿಂದಿನ 1ಎ ಇಂಧನ ಖಾಲಿಯಾಗಿ ಐದೇ ತಿಂಗಳಿಗೆ ಸತ್ತಿತ್ತು. ಭೂಮಿಯ ಜೊತೆಗೇ ತಿರುಗುತ್ತ ಒಂದೇ ಕಡೆ ನಿಂತಂತೆ ಕಾಣುವ ಇಂಥ ಉಪಗ್ರಹ ಬಂಗಾಳಕೊಲ್ಲಿಯ ಚಿತ್ರವನ್ನು ಮತ್ತೆಮತ್ತೆ ತೆಗೆಯುತ್ತದೆ. ಮೋಡದ ಸುರುಳಿಯ ಕಣ್ಣು ಎರಡು ಚಿತ್ರಗಳ ನಡುವೆ ಎಷ್ಟು ಸರಿಯಿತು ಎಂಬುದರಿಂದ ಅದರ ದಿಕ್ಕು, ವೇಗ ಸಿಗುತ್ತವೆ. ಇಷ್ಟೆಲ್ಲ ಇದ್ದೂ 1999ರ ಒಡಿಶಾ ಮಹಾಚಂಡಮಾರುತಕ್ಕೆ ಮತ್ತೆ 10,000ದಷ್ಟು ಜನ ಬಲಿಯಾದರು. ಮೇಲಿನ ಕಣ್ಣು ನೋಡಿತ್ತು. ಕೆಳಗೆ ಓಡಿಹೋಗಿ ನಿಲ್ಲಲು ಸಾಕಷ್ಟು ಗಟ್ಟಿ ಕಟ್ಟಡಗಳಿರಲಿಲ್ಲ, ಸುದ್ದಿ ಮುಟ್ಟಿಸುವ ಸರಿಯಾದ ಸರಪಳಿ ಇರಲಿಲ್ಲ. ಆಮೇಲಿನ ಹದಿನಾಲ್ಕು ವರ್ಷ ಒಡಿಶಾ ಆಶ್ರಯತಾಣ ಕಟ್ಟಿತು, ಊರೂರಿನಲ್ಲಿ ಸ್ವಯಂಸೇವಕರನ್ನು ತಯಾರು ಮಾಡಿತು. 2013ರಲ್ಲಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದರು. ಸತ್ತವರು ಐವತ್ತಕ್ಕಿಂತ ಕಡಿಮೆ. ಉಪಗ್ರಹಕ್ಕೆ ಹಾಕಿದ ದುಡ್ಡಿಗೆ ಬೆಲೆ ಬಂದದ್ದು ಸಿಮೆಂಟು, ಕಬ್ಬಿಣ, ಮೆಗಾಫೋನುಗಳಿಗೆ ಹಾಕಿದ ದುಡ್ಡಿನಿಂದ.

ಕರಾವಳಿಯ ಮೀನುಗಾರಿಕೆಯಲ್ಲೂ ಇದೇ ಕಥೆ. ಉಪಗ್ರಹಕ್ಕೆ ಮೀನು ಕಾಣಿಸುವುದಿಲ್ಲ. ಅದು ಅಳೆಯುವುದು ಎರಡೇ: ಸಮುದ್ರದ ಮೇಲ್ಮೈಯ ಉಷ್ಣತೆ ಮತ್ತು ನೀರಿನ ಬಣ್ಣ. ಹಸಿರು ಹೆಚ್ಚಿದ್ದರೆ ಅಲ್ಲಿ ಸೂಕ್ಷ್ಮ ಸಸ್ಯಗಳಿವೆ, ಅವನ್ನು ತಿನ್ನುವ ಜೀವಿಗಳಿವೆ, ಅವುಗಳ ಹಿಂದೆ ಮೀನು. ತಣ್ಣೀರು-ಬಿಸಿನೀರು ಕೂಡುವ ಗೆರೆಯೂ ಹಸಿರಿನ ಅಂಚೂ ಒಂದರ ಮೇಲೊಂದು ಬಿದ್ದ ಕಡೆ ಮೀನು ಸಿಗುವ ಸಾಧ್ಯತೆ ಹೆಚ್ಚು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಈ ಗೆರೆಗಳನ್ನು ಹಿಡಿದು, ಇಂಥ ಬಂದರಿನಿಂದ ಇಂಥ ದಿಕ್ಕಿಗೆ ಇಷ್ಟು ದೂರ, ಇಷ್ಟು ಆಳ ಎಂದು ಸೂಚನೆ ಹೊರಡಿಸುತ್ತದೆ, ಕನ್ನಡದಲ್ಲೂ ಬರುತ್ತದೆ. ಉಳಿತಾಯ ಆಗುವುದು ಹುಡುಕಾಟದ ಡೀಸೆಲ್ಲಿನಲ್ಲಿ. ಸೂಚನೆ ಎಲ್ಲಿ ಕೈಕೊಡುತ್ತದೆ ಎಂಬುದೂ ಗೊತ್ತಿರಬೇಕು. ಮೋಡ ಮುಚ್ಚಿದರೆ ಈ ಉಪಕರಣಗಳಿಗೆ ಏನೂ ಕಾಣದು. ಗೆರೆ ಎಂಬುದು ನಿಂತ ಬೇಲಿಯೂ ಅಲ್ಲ. ಒಂದೆರಡು ದಿನದಲ್ಲಿ ಪ್ರವಾಹದ ಜೊತೆ ಸರಿದುಹೋಗುತ್ತದೆ. ನಿನ್ನೆಯ ಸೂಚನೆ ಹಿಡಿದು ನಾಳೆ ಬಲೆ ಬೀಸಿದರೆ ಡೀಸೆಲ್ ಸುಟ್ಟದ್ದೇ ಬಂತು.

ಇನ್ನು ಚಂದ್ರ, ಮಂಗಳ. ಮಂಗಳಯಾನದ ₹450 ಕೋಟಿಯನ್ನು 65 ಕೋಟಿ ಕಿಲೋಮೀಟರಿನಿಂದ ಭಾಗಿಸಿ, ಆಟೋರಿಕ್ಷಾಕ್ಕಿಂತ ಅಗ್ಗ, ಕಿಲೋಮೀಟರಿಗೆ ಏಳೇ ರೂಪಾಯಿ ಎಂದು ಕುಣಿದಾಡಿದ್ದು ನೆನಪಿರಬಹುದು. ನೌಕೆ ಆ ದೂರದ ಹೆಚ್ಚಿನ ಪಾಲನ್ನು ಇಂಧನ ಸುಡದೆ ಸುಮ್ಮನೆ ಜಾರಿಕೊಂಡು ಹೋಗುತ್ತದೆ. ಗುಡ್ಡದಿಂದ ಉರುಳಿದ ಕಲ್ಲಿಗೆ ಮೀಟರ್ ಹಾಕಿದ ಹಾಗೆ ಈ ಲೆಕ್ಕ. ನಿಜವಾಗಿ ಅಗ್ಗವಾದದ್ದು ಹೇಗೆ? ದೊಡ್ಡ ರಾಕೆಟ್ಟಾದ ಜಿಎಸ್‌ಎಲ್‌ವಿ ಆಗ ನಂಬುವ ಸ್ಥಿತಿಯಲ್ಲಿರಲಿಲ್ಲ. 2010ರ ಎರಡೂ ಹಾರಾಟಗಳು ಸೋತಿದ್ದವು. ಹಾಗಾಗಿ ಅದಕ್ಕಿಂತ ಚಿಕ್ಕ ರಾಕೆಟ್ಟಾದ ಪಿಎಸ್‌ಎಲ್‌ವಿಯಲ್ಲೇ ಕಳಿಸಿ, ನೌಕೆಯ 440 ನ್ಯೂಟನ್ ಇಂಜಿನ್ನನ್ನು ಮತ್ತೆಮತ್ತೆ ಉರಿಸಿ ಕಕ್ಷೆ ಹಿಗ್ಗಿಸುತ್ತ, 2013ರ ಡಿಸೆಂಬರ್ 1ರಂದು ಭೂಮಿಯಿಂದ ಬಿಡಿಸಿಕೊಂಡರು. 1,337 ಕೆ.ಜಿ. ತೂಕದಲ್ಲಿ 852 ಕೆ.ಜಿ. ಇಂಧನವೇ. ವೈಜ್ಞಾನಿಕ ಉಪಕರಣಕ್ಕೆ ಉಳಿದದ್ದು 15 ಕೆ.ಜಿ. ಇಂಜಿನ್ ಸುಮಾರು 300 ದಿನ ತಣ್ಣಗಿದ್ದು ಮತ್ತೆ ಹೊತ್ತಬೇಕಿತ್ತು; ಕವಾಟ ಕಚ್ಚಿಕೊಂಡರೆ ಕೆಲಸ ಕೆಟ್ಟಿತೆಂದು ಇಂಧನಕ್ಕೆ ಇನ್ನೊಂದು ಸಮಾನಾಂತರ ಕೊಳವೆದಾರಿ ಇಟ್ಟಿದ್ದರು. ಮಂಗಳ ಮುಟ್ಟುವ ಎರಡು ದಿನ ಮೊದಲು ನಾಲ್ಕು ಸೆಕೆಂಡ್ ಉರಿಸಿ ನೋಡಿದರು. ಹೊತ್ತಿತು.

ಆ ₹450 ಕೋಟಿಯೊಳಗೆ ಬಾರದ್ದೂ ಬಹಳ ಇದೆ. ಬಿಡದಿ ಹತ್ತಿರದ ಬ್ಯಾಲಾಳುವಿನ 32 ಮೀಟರ್ ಆಂಟೆನಾವನ್ನು ಚಂದ್ರಯಾನ-1ಕ್ಕೆಂದೇ ಕಟ್ಟಿಯಾಗಿತ್ತು. ನೌಕೆಯ ಚೌಕಟ್ಟೂ ಹಿಂದಿನ ಚಂದ್ರಯಾನದ್ದೇ ಹದ. ಪರೀಕ್ಷೆಗೆ ಮೂರು ನಾಲ್ಕು ಮಾದರಿ ಕಟ್ಟುವ ಬದಲು ಹಾರುವ ನೌಕೆಯನ್ನೇ ಪರೀಕ್ಷಿಸುವುದು ಇಸ್ರೋ ಪದ್ಧತಿ. ಅಗ್ಗದ ಬೆಲೆ ಸುಳ್ಳಲ್ಲ, ಆದರೆ ಅದಕ್ಕೆ ತೆತ್ತದ್ದೂ ಇದೆ: ಕಕ್ಷೆ 422ರಿಂದ 76,994 ಕಿ.ಮೀ.ವರೆಗೆ ಜಗ್ಗಿದ ಅಂಡಾಕಾರ, ಮೀಥೇನ್ ಅಳೆಯಲು ಹೋದ ಉಪಕರಣಕ್ಕೆ ಮೀಥೇನನ್ನು ಬೇರ್ಪಡಿಸಿ ಗುರುತಿಸಲು ಆಗಲಿಲ್ಲ. 2013ರ ನವೆಂಬರಿನಲ್ಲಿ ಹೊರಟ ನಾಸಾದ ಮಂಗಳನೌಕೆ ಮೇವನ್‌ಗೆ 67.1 ಕೋಟಿ ಡಾಲರ್ ಹಿಡಿಯಿತು; ಮಂಗಳದ ಗಾಳಿ ಹೇಗೆ ಸೋರಿಹೋಯಿತು ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅದು. ನಾವು ಕೊಂಡದ್ದು ಮುಖ್ಯವಾಗಿ ದಾರಿಯ ಪರಿಚಯ. ಒಳ್ಳೆಯ ವ್ಯಾಪಾರವೇ, ಆದರೆ ಸರಕು ಬೇರೆ. ಚಂದ್ರಯಾನ-3ರ ₹615 ಕೋಟಿಯೂ ಹಾಗೆಯೇ. ಇಲಾಖೆಯ ಸುಮಾರು ಹದಿನೇಳು ದಿನದ ಖರ್ಚದು. ಅದರ ಬಗ್ಗೆ ಇಷ್ಟೊಂದು ಜಗಳವಾಡುವವರು ನ್ಯಾವಿಕ್ ಬಗ್ಗೆ ಯಾಕೆ ಕೇಳುವುದಿಲ್ಲ ಎಂಬುದೇ ಸೋಜಿಗ.

ನ್ಯಾವಿಕ್ ಎಂದರೆ ನಮ್ಮದೇ ಜಿಪಿಎಸ್. ಮಂಜೂರಾದದ್ದು ₹1,420 ಕೋಟಿ. ಏಳು ಉಪಗ್ರಹಗಳ ಸಾಲು 2016ರ ಏಪ್ರಿಲಿನಲ್ಲಿ ಪೂರ್ತಿಯಾಯಿತು. ಇಂಥ ಉಪಗ್ರಹದ ಜೀವ ಇರುವುದು ಅದರ ಪರಮಾಣು ಗಡಿಯಾರದಲ್ಲಿ. ಸಂಕೇತ ಹೊರಟ ಹೊತ್ತಿಗೂ ಬಂದ ಹೊತ್ತಿಗೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ನೀವು 300 ಮೀಟರ್ ಆಚೆ ನಿಂತಂತೆ ತೋರಿಸುತ್ತದೆ. ಉಪಗ್ರಹಕ್ಕೆ ಮೂರರಂತೆ ರುಬಿಡಿಯಂ ಗಡಿಯಾರಗಳನ್ನು ಯುರೋಪಿನಿಂದ ತರಿಸಿದ್ದರು. ಸಾಲಿನ ಮೊದಲ ಉಪಗ್ರಹವಾದ 1ಎಯ ಮೂರೂ ಗಡಿಯಾರಗಳು ನಿಂತವು. ಬದಲಿಗೆ 2017ರ ಆಗಸ್ಟ್ 31ರಂದು ಕಳಿಸಿದ 1ಎಚ್, ರಾಕೆಟ್ಟಿನ ಮೂತಿಯ ಉಷ್ಣಕವಚ ಬಿಚ್ಚಿಕೊಳ್ಳದೆ ಅದರೊಳಗೇ ಸೆರೆಯಾಯಿತು. 2025ರ ಜನವರಿಯಲ್ಲಿ ಹೋದ ಹೊಸ ಪೀಳಿಗೆಯ ಉಪಗ್ರಹ ಎನ್‌ವಿಎಸ್-02ರಲ್ಲಿ ಇಂಧನ ಉರಿಯಲು ಬೇಕಾದ ಆಕ್ಸಿಡೈಸರನ್ನು ಒಳಬಿಡುವ ಕವಾಟಗಳು ತೆರೆಯಲಿಲ್ಲ, ಸೇರಬೇಕಾದ ಕಕ್ಷೆ ಸೇರಲಿಲ್ಲ. 2025ರ ಜುಲೈನಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ, ಹಾರಿಸಿದ ಹನ್ನೊಂದರಲ್ಲಿ ಸ್ಥಾನ ತಿಳಿಸುವ ಕೆಲಸಕ್ಕೆ ಉಳಿದದ್ದು ನಾಲ್ಕು. ನೀವಿರುವ ಜಾಗದ ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ನಿಮ್ಮ ಫೋನಿನ ಗಡಿಯಾರದ ತಪ್ಪು ಎಂಬ ನಾಲ್ಕು ಅಪರಿಚಿತಗಳನ್ನು ಬಿಡಿಸಲು ಕನಿಷ್ಠ ಬೇಕಾದದ್ದೂ ನಾಲ್ಕೇ. ಒಂದು ಹೋದರೆ ಲೆಕ್ಕ ನಿಂತಿತು.

ಕೆಳಗಿನ ಕೊಂಡಿ ಇಲ್ಲೂ ತಪ್ಪಿತ್ತು. ಮೊದಲ ಉಪಗ್ರಹಗಳು ಸಂಕೇತ ಬಿಟ್ಟದ್ದು ಎಲ್5 ಮತ್ತು ಎಸ್ ಎಂಬ ತರಂಗಪಟ್ಟಿಗಳಲ್ಲಿ. ಸಾಮಾನ್ಯ ಫೋನಿನ ಚಿಪ್ಪುಗಳು ಕೇಳುತ್ತಿದ್ದದ್ದು ಎಲ್1 ಪಟ್ಟಿಯನ್ನು ಮಾತ್ರ. ಮೇಲೆ ಏಳು ಉಪಗ್ರಹ, ಕೆಳಗೆ ಕೇಳುವ ಕಿವಿಯೇ ಇಲ್ಲ. ಎಲ್1 ಸೇರಿಸಿದ್ದೂ ದೇಶೀ ಗಡಿಯಾರ ಕೂಡಿಸಿದ್ದೂ 2023ರ ಮೇನಲ್ಲಿ ಹೋದ ಎನ್‌ವಿಎಸ್-01ರಲ್ಲಿ.

ಇಸ್ರೋ ವಿದೇಶಿ ಉಪಗ್ರಹ ಹಾರಿಸಿಯೇ ತನ್ನ ಖರ್ಚು ದುಡಿದುಕೊಳ್ಳುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. 2015ರಿಂದ 2024ರವರೆಗೆ ಅದರಿಂದ ಬಂದದ್ದು ಸುಮಾರು 14.3 ಕೋಟಿ ಡಾಲರ್ ಮತ್ತು 27.2 ಕೋಟಿ ಯೂರೋ. ರೂಪಾಯಿಯಲ್ಲಿ ಮೂರು ಸಾವಿರ ಕೋಟಿಯ ಆಸುಪಾಸು. ಆ ಹತ್ತು ವರ್ಷದ ಇಲಾಖೆಯ ಖರ್ಚು ಲಕ್ಷ ಕೋಟಿಯ ಹತ್ತಿರ. ಒಂದು ರೂಪಾಯಿಗೆ ₹2.54 ವಾಪಸು ಎಂಬ 2024ರ ವರದಿಯ ಅಂಕಿಯನ್ನೂ ಎಚ್ಚರದಿಂದ ಓದಬೇಕು. ಅದು ಖಜಾನೆಗೆ ಮರಳುವ ಹಣವಲ್ಲ, ಆರ್ಥಿಕತೆಯಲ್ಲಿ ಹುಟ್ಟುವ ವಹಿವಾಟು. ರಸ್ತೆ ಹಾಕಿದರೂ ನಾಲೆ ತೋಡಿದರೂ ಇಂಥದ್ದೊಂದು ಗುಣಕ ಸಿಗುತ್ತದೆ.

ಈಗ ಸಾರಾಭಾಯಿ ಮಾತಿನ ಎರಡನೇ ಅರ್ಧವನ್ನು ದೇಶ ಬಿಟ್ಟುಕೊಟ್ಟಿದೆ. 2024ರ ಸೆಪ್ಟೆಂಬರ್ 18ರಂದು ಒಂದೇ ದಿನ ಸಂಪುಟ ಚಂದ್ರಯಾನ-4ಕ್ಕೆ ₹2,104 ಕೋಟಿ, ಶುಕ್ರಯಾನಕ್ಕೆ ₹1,236 ಕೋಟಿ, ಹೊಸ ರಾಕೆಟ್ಟಿಗೆ ₹8,240 ಕೋಟಿ ಮಂಜೂರು ಮಾಡಿತು; ಮನುಷ್ಯರನ್ನು ಮೇಲೆ ಕಳಿಸುವ ಗಗನಯಾನದ ಮೊತ್ತವನ್ನು ಬಾಹ್ಯಾಕಾಶ ನಿಲ್ದಾಣದ ಮೊದಲ ಭಾಗವೂ ಸೇರಿದಂತೆ ₹20,193 ಕೋಟಿಗೆ ಏರಿಸಿತು. ಗಗನಯಾನದ ಮೊತ್ತವೊಂದೇ ಇಲಾಖೆಯ ಒಂದೂವರೆ ವರ್ಷದ ಬಜೆಟ್. ಮನುಷ್ಯ ಕೂತ ಕೂಡಲೇ ಖರ್ಚಿನ ಸ್ವಭಾವವೇ ಬದಲಾಗುತ್ತದೆ: ಉಸಿರಾಟದ ವ್ಯವಸ್ಥೆ, ರಾಕೆಟ್ ಕೆಟ್ಟರೆ ಕೋಶವನ್ನು ಎಳೆದೊಯ್ಯುವ ತುರ್ತು ಮೋಟಾರು, ಪ್ಯಾರಾಚೂಟು, ಪ್ರತಿಯೊಂದಕ್ಕೂ ಬದಲಿ. ಹಾರುವ ನೌಕೆಯನ್ನೇ ಪರೀಕ್ಷಿಸುವ ಅಗ್ಗದ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಇದನ್ನು ಬೇಡವೆನ್ನಬೇಕಿಲ್ಲ, ಆದರೆ ಇದು ಮೀನಿಗೂ ಮಳೆಗೂ ಸಂಬಂಧಪಟ್ಟ ಖರ್ಚೆಂದು ತೋರಿಸುವುದು ಬೇಡ. ದೇಶದ ಪ್ರತಿಷ್ಠೆಗೆ, ದೂರದ ಸಾಮರ್ಥ್ಯಕ್ಕೆ ಎಂದು ನೇರವಾಗಿ ಹೇಳಿ ಕೇಳಿದರೂ ಜನ ಕೊಟ್ಟಾರು.

ಕೊಟ್ಟದ್ದು ಖರ್ಚಾಯಿತೇ ಎಂದು ನೋಡಲು ಬಜೆಟ್ ಪುಸ್ತಕದಲ್ಲಿ ಬಾಹ್ಯಾಕಾಶ ಇಲಾಖೆಯ ಪುಟ ತೆರೆದರೆ ಸಾಕು. ಮೂರು ಕಾಲಮ್ಮುಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು: ವರ್ಷದ ಮೊದಲಿನ ಅಂದಾಜು, ನಡುವೆ ಪರಿಷ್ಕರಿಸಿದ್ದು, ಕೊನೆಗೆ ನಿಜವಾಗಿ ಆದ ಖರ್ಚು. ಸುದ್ದಿಯಾಗುವುದು ಮೊದಲನೆಯದು ಮಾತ್ರ. 2022-23ರಲ್ಲಿ ಅಂದಾಜು ₹13,700 ಕೋಟಿ ಇತ್ತು. ಪರಿಷ್ಕೃತ ಅಂಕಿ ₹10,530 ಕೋಟಿಗೆ ಇಳಿಯಿತು. ಒಂದೇ ವರ್ಷದಲ್ಲಿ ಹೀಗೆ ಕಳಚಿದ ₹3,170 ಕೋಟಿಯಲ್ಲಿ ಐದು ಚಂದ್ರಯಾನ-3 ಹಾರಿಸಬಹುದಿತ್ತು, ಇಲ್ಲವೇ ನ್ಯಾವಿಕ್‌ಗೆ ಮಂಜೂರಾದಷ್ಟು ದುಡ್ಡನ್ನು ಎರಡು ಸಲ ಕೊಡಬಹುದಿತ್ತು.