ಸುಂಕ ಕಟ್ಟಿದರೂ ಬಾರದ ಕಾರು

ಯುರೋಪಿನ ಕಂಪನಿಯೊಂದು ಭಾರತಕ್ಕೆ ವೇಗದ ಕಾರುಗಳನ್ನು ನೂರೋ ನೂರೈವತ್ತೋ ಮಾತ್ರ ಬಿಡುತ್ತೇವೆ ಎಂದು ಘೋಷಿಸಿದರೆ ಸಾಕು, ಕಾಸರಗೋಡಿನ ನಮ್ಮ ಆಮದು ಕಚೇರಿಯ ಫೋನಿಗೆ ಬಿಡುವೇ ಇರುವುದಿಲ್ಲ. 2025ರ ಮೇ ತಿಂಗಳಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಬಂದಾಗ ಹೀಗೇ ಆಯಿತು. ಮೊದಲ ಕಂತಿನ 150 ಕಾರುಗಳು ಕೈಗೆ ಸಿಗದಂತೆ ಹೋದವು. ಅಕ್ಟೋಬರಿನಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಬಂತು. ಅದು ಇದ್ದದ್ದೇ 100. ಸಿಗದವರೆಲ್ಲ ಹೇಳುವುದು ಒಂದೇ ಮಾತು: "ದುಬೈ ಶೋರೂಮಿನಲ್ಲಿ ಇಂಥದೇ ಗಾಡಿ ನಿಂತಿದೆ ಅಣ್ಣ, ಸುಂಕ ಎಷ್ಟಾದರೂ ಕಟ್ಟುತ್ತೇನೆ, ತರಿಸಿಕೊಡಿ."

ಸುಂಕ ಕೊನೆಯ ಪ್ರಶ್ನೆ. ಆ ಕಾರು ಈ ದೇಶಕ್ಕೆ ಬರಬಹುದೇ ಎಂಬುದು ಮೊದಲ ಪ್ರಶ್ನೆ. ಇದನ್ನು ಎಷ್ಟು ಸಲ ಹೇಳಿದರೂ ಜನರ ಕಿವಿಗೆ ಬೀಳುವುದು "ಸುಂಕ ಜಾಸ್ತಿ" ಎಂದಷ್ಟೇ.

ಹೊಸ ಕಾರಾದರೆ ಅದು ತಯಾರಾದ ದೇಶದಿಂದಲೇ ಬರಬೇಕು, ಎಲ್ಲೂ ನೋಂದಣಿಯಾಗಿರಬಾರದು, ಸ್ಟೇರಿಂಗ್ ಬಲಕ್ಕಿರಬೇಕು. ಗಾಲ್ಫ್ ತಯಾರಾಗುವುದು ಜರ್ಮನಿಯ ವೋಲ್ಫ್ಸ್‌ಬರ್ಗ್‌ನಲ್ಲಿ. ದುಬೈ ಶೋರೂಮಿನ ಗಾಡಿ ಮೊದಲ ಷರತ್ತಿನಲ್ಲೇ ಬೀಳುತ್ತದೆ. ಹಳೆಯದಾದರೆ ಮೂರು ವರ್ಷ ದಾಟಿರಬಾರದು, ಮುಂಬಯಿ ಬಂದರಿನಲ್ಲಷ್ಟೇ ಇಳಿಯಬೇಕು, ಅದಕ್ಕೂ ಸ್ಟೇರಿಂಗ್ ಬಲಕ್ಕೇ ಇರಬೇಕು. ದುಬೈ ಗಾಡಿಗಳಿಗೆ ಅದು ಎಡಕ್ಕೆ.

"ಶಾರ್ಜಾದಲ್ಲಿ ಸ್ಟೇರಿಂಗ್ ಬದಲಿಸಿಕೊಡುವವರಿದ್ದಾರೆ" ಎನ್ನುವವರಿಗೆ ನಾನು ಹೆಡ್‌ಲೈಟಿನ ವಿಷಯ ಹೇಳುತ್ತೇನೆ. ರಾತ್ರಿ ಕಾರನ್ನು ಗೋಡೆಯ ಎದುರು ನಿಲ್ಲಿಸಿ ಡಿಮ್ ಹಾಕಿ ನೋಡಿ. ಬೆಳಕಿನ ಮೇಲಂಚು ನೇರವಾಗಿ ಬಂದು ಒಂದು ಬದಿಯಲ್ಲಿ ಮೇಲಕ್ಕೆ ಓರೆಯಾಗುತ್ತದೆ. ನಮ್ಮ ಕಾರಿನಲ್ಲಿ ಎಡಕ್ಕೆ, ಅಂದರೆ ರಸ್ತೆಯ ಅಂಚಿನಲ್ಲಿ ನಡೆಯುವವನು ಕಾಣುವಂತೆ. ಗಲ್ಫಿನ ಕಾರಿನಲ್ಲಿ ಅದು ಬಲಕ್ಕೆ. ತಲಪಾಡಿಯಿಂದ ಕುಂಬಳೆಗೆ ಬರುವಾಗ ಅದು ಎದುರಿನ ಸ್ಕೂಟರ್ ಸವಾರನ ಕಣ್ಣಿಗೇ ಹೊಡೆಯುತ್ತದೆ. ನಿಯಮದಲ್ಲಿ ಹೆಡ್‌ಲೈಟಿನ ಷರತ್ತು ಬೇರೆಯಾಗಿಯೇ ಇರುವುದು ಇದಕ್ಕೆ. ಡ್ಯಾಶ್‌ಬೋರ್ಡ್ ಕೊಯ್ದು ಸ್ಟೇರಿಂಗ್ ಕಾಲಂ ದಾಟಿಸಿದ ಗಾಡಿಯಲ್ಲಿ ಏರ್‌ಬ್ಯಾಗ್ ಸರಿಯಾಗಿ ತೆರೆಯುತ್ತದೆಂದು ಬರೆದುಕೊಡುವವರು ಯಾರು?

ಕಂಪನಿಗೆ ಮಾತ್ರ ಹೇಗೆ ಸಾಧ್ಯವಾಯಿತು? 2018ರ ಸೆಪ್ಟೆಂಬರಿನ ಅಧಿಸೂಚನೆ ತಯಾರಕರಿಗೆ ವರ್ಷಕ್ಕೆ 2,500 ವಾಹನಗಳವರೆಗೆ ಇಲ್ಲಿನ ಪರೀಕ್ಷೆಗಳಿಂದ ವಿನಾಯಿತಿ ಕೊಟ್ಟಿತು. ಯುರೋಪ್ ಅಥವಾ ಜಪಾನಿನ ಮಾನದಂಡಕ್ಕೆ ಹೊಂದಿದ, ಬಲಗೈ ಸ್ಟೇರಿಂಗಿನ ವಾಹನವಾಗಿರಬೇಕು. ಈ ಅನುಕೂಲ ಕಂಪನಿಗೆ ಮತ್ತು ಅದರ ಅಧಿಕೃತ ಪ್ರತಿನಿಧಿಗೆ. ನಿಮಗೂ ನನಗೂ ಅಲ್ಲ. 2,500 ತರಬಹುದಾದ ಕಡೆ 100 ತರುವುದಕ್ಕೆ ಅವರವರ ಲೆಕ್ಕಾಚಾರವಿರುತ್ತದೆ. ಬಿಡಿಭಾಗ ಇಡಬೇಕು, ಮೆಕ್ಯಾನಿಕ್‌ಗಳಿಗೆ ತರಬೇತಿ ಕೊಡಬೇಕು, ವಾರಂಟಿ ಹೊರಬೇಕು.

ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರು ಗಲ್ಫಿನಲ್ಲಿರುವ ಮಗನೊಂದಿಗೆ ಬಂದಿದ್ದರು. ಮಗ ಎಂಜಿನ್, ಗೇರು, ವೇಗ ಎಲ್ಲವನ್ನೂ ಉತ್ಸಾಹದಿಂದ ವಿವರಿಸಿದ. ತಂದೆ ಕೊನೆಗೆ ಕೇಳಿದ್ದು ಇಷ್ಟೇ: "ಹಾಳಾದರೆ ಎಲ್ಲಿಗೆ ಕೊಂಡುಹೋಗುವುದು ಮಗಾ? ಮಂಗಳೂರಿನವರು ಮುಟ್ಟುತ್ತಾರೋ?" ಅಷ್ಟು ಒಳ್ಳೆಯ ಪ್ರಶ್ನೆಯನ್ನು ನನ್ನ ಮೇಜಿನ ಮುಂದೆ ಯಾರೂ ಕೇಳಿರಲಿಲ್ಲ. ಗಲ್ಫಿನ ವಾರಂಟಿ ಇಲ್ಲಿ ನಡೆಯುತ್ತದೆಂದು ಭಾವಿಸಬೇಡಿ, ಪುಸ್ತಿಕೆ ಓದಿ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮರಳುಗಾಡಿನ ಬಿಸಿಲಲ್ಲಿ ದುಡಿದವನು ಊರಿನ ಅಂಗಳಕ್ಕೆ ತನ್ನ ಕನಸಿನ ಕಾರು ತರಬೇಕೆನ್ನುವುದು ನ್ಯಾಯವಾದ ಆಸೆ.

ಇನ್ನು ಸುಂಕ. 2025ರ ಬಜೆಟ್ ಬಳಿಕ 40,000 ಡಾಲರ್ ಮೀರಿದ ಹೊಸ ಕಾರಿಗೆ ಮೂಲ ಸುಂಕ ಶೇ. 70, ಕೃಷಿ ಸೆಸ್ ಶೇ. 40. ಅದರ ಮೇಲೆ ದೊಡ್ಡ ಕಾರಿಗೆ ಜಿಎಸ್‌ಟಿ ಶೇ. 40. ನೂರು ರೂಪಾಯಿಯ ಮಾಲು 294 ಆಗುತ್ತದೆ. ಕೇರಳದ ರಸ್ತೆ ತೆರಿಗೆ ಬೇರೆ. ದರಗಳು ಬದಲಾಗುತ್ತಿರುತ್ತವೆ, ಆ ದಿನದ್ದನ್ನು ಕೇಳಿಯೇ ಮುಂದುವರಿಯಿರಿ.

ಕಾರ್ನೆ, ಅಂದರೆ ಸುಂಕ ಕಟ್ಟದೆ ತಾತ್ಕಾಲಿಕವಾಗಿ ಗಾಡಿ ತರಲು ಕೊಡುವ ಪತ್ರದ ಮೇಲೆ ತರಬಹುದಲ್ಲ ಎಂದರೆ, ತರಬಹುದು, ಸಾಮಾನ್ಯವಾಗಿ ಆರು ತಿಂಗಳಿಗೆ. ಆಮೇಲೆ ಗಾಡಿ ವಾಪಸು ಹೋಗಬೇಕು. ಇಲ್ಲಿ ಮಾರುವಂತಿಲ್ಲ.

ಮುಂಗಡ ಕೊಡುವ ಮೊದಲು ಚಾಸಿಸ್ ಸಂಖ್ಯೆ, ತಯಾರಾದ ದೇಶ, ಮೊದಲ ನೋಂದಣಿಯ ದಿನಾಂಕ ಮತ್ತು ಡ್ಯಾಶ್‌ಬೋರ್ಡಿನ ಒಂದು ಫೋಟೊ ಕಳುಹಿಸಿ. ಅಷ್ಟಿದ್ದರೆ ಬರುತ್ತದೋ ಇಲ್ಲವೋ ಎಂದು ಬಹುಮಟ್ಟಿಗೆ ಅದೇ ದಿನ ಹೇಳಬಹುದು. ಹಡಗು ಹೊರಟ ಮೇಲೆ ಫೋನ್ ಮಾಡಿದರೆ ನಾನು ಲೆಕ್ಕ ಹಾಕಿ ಹೇಳಬಹುದಾದದ್ದು ಬಂದರಿನ ಡೆಮರೇಜ್ (ಬಿಡಿಸಿಕೊಳ್ಳದೆ ಉಳಿದ ಮಾಲಿಗೆ ಬೀಳುವ ಶುಲ್ಕ) ದಿನಕ್ಕೆಷ್ಟು ಎಂಬುದನ್ನು ಮಾತ್ರ.