ಪೆಡಲ್ ಬೋರ್ಡನ್ನು ಡಬ್ಬಿಗೆ ಹಾಕುವ ಮುಂಚೆ

ಈ ಸಲದ ಮಳೆಗಾಲದಲ್ಲಿ ತೀರ್ಥಹಳ್ಳಿಯ ಮನೆಯಲ್ಲಿ ಕೂತು ಒಂದು ಫಜ್ ಪೆಡಲ್ ಮಾಡಿದೆ, ಅಂದರೆ ಗಿಟಾರಿನ ಧ್ವನಿಯನ್ನು ಒರಟಾಗಿಸುವ, ಕಾಲಲ್ಲಿ ಒತ್ತುವ ಡಬ್ಬಿ. ಅದರ ಸರ್ಕ್ಯೂಟ್ ಬೋರ್ಡ್ ಮೇಜಿನ ಮೇಲೆ ಚೆನ್ನಾಗಿ ಕೂಗುತ್ತಿತ್ತು. ಡಬ್ಬಿಗೆ ಹಾಕಿ ನಾಲ್ಕು ಸ್ಕ್ರೂ ಬಿಗಿದೆ, ಉಸಿರೇ ಇಲ್ಲ. ಬಿಚ್ಚಿದರೆ ಮಾತಾಡುತ್ತೆ, ಮುಚ್ಚಿದರೆ ಸುಮ್ನಾಗುತ್ತೆ. ವಾಲ್ಯೂಮ್ ತಿರುಗಿಸುವ ಪಾಟ್‌ನ ಬೆನ್ನು ಬೋರ್ಡಿನ ತಾಮ್ರಕ್ಕೆ ತಾಗುತ್ತಿತ್ತು, ಅಷ್ಟೇ. ಅದನ್ನು ಹಿಡಿಯುವಷ್ಟರಲ್ಲಿ ಮೂರು ಸಂಜೆ ಹೋಯಿತು. ಆಮೇಲೆ ಬರೆದಿಟ್ಟುಕೊಂಡದ್ದು ಇದು.

ಯಾವ ಪೆಡಲ್ ಆದರೂ ಬೋರ್ಡಿನಿಂದ ಹೊರಬರುವ ಮುಖ್ಯ ವೈರು ನಾಲ್ಕೇ: ಇನ್‌ಪುಟ್, ಔಟ್‌ಪುಟ್, 9 ವೋಲ್ಟ್, ಗ್ರೌಂಡ್. ಹಾಗಾಗಿ ಹಲಸಿನ ಹಲಗೆಯ ಒಂದು ತುಂಡಿಗೆ ಎರಡು ಜ್ಯಾಕ್, ಒಂದು ಡಿಸಿ ಸಾಕೆಟ್, ಪೆಡಲನ್ನು ಆನ್-ಆಫ್ ಮಾಡಲು ಕಾಲಲ್ಲಿ ಒತ್ತುವ 3ಪಿಡಿಟಿ ಸ್ವಿಚ್ ಕೂರಿಸಿ, ನಾಲ್ಕು ವೈರಿನ ತುದಿಗೂ ಕ್ರೊಕೊಡೈಲ್ ಕ್ಲಿಪ್ ಹಾಕಿಕೊಂಡಿದ್ದೇನೆ. ಹೊಸ ಬೋರ್ಡ್ ಬಂದರೆ ಕ್ಲಿಪ್ ಕಚ್ಚಿಸಿದರಾಯಿತು. ಸ್ವಿಚ್ಚಿಗೆ ಪದೇಪದೇ ಬೆಸುಗೆ ಹಾಕಿದರೆ ಒಳಗಿನ ಪ್ಲಾಸ್ಟಿಕ್ ಕರಗಿ ಕಾಲುಗಳು ಅಲ್ಲಾಡುತ್ತವೆ. ನಮ್ಮ ಕಡೆ ಆ ಸ್ವಿಚ್ ಬೇಕೆಂದರೆ ಬೆಂಗಳೂರಿನ ಎಸ್‌ಪಿ ರೋಡ್ ಇಲ್ಲವೇ ಕೊರಿಯರ್, ಅದಕ್ಕೇ ಈ ಜೋಪಾನ.

ಮೊದಲ ಸಲ ಕರೆಂಟ್ ಕೊಡುವಾಗ 9 ವೋಲ್ಟಿನ ವೈರಿಗೆ ಸರಣಿಯಲ್ಲಿ 100 ಓಮ್ ರೆಸಿಸ್ಟರ್ ಸೇರಿಸಿ. ಅದರ ಎರಡು ತುದಿಗೆ ಮಲ್ಟಿಮೀಟರ್ ಇಟ್ಟರೆ ಪ್ರತಿ 0.1 ವೋಲ್ಟ್ ಅಂದರೆ 1 ಮಿಲಿಆಂಪ್. ಟಿಎಲ್072 ಎಂಬ ಎಂಟು ಕಾಲಿನ ಚಿಪ್ (ಐಸಿ) ಒಂದಿರುವ ಓವರ್‌ಡ್ರೈವ್ ಪೆಡಲ್ ಸುಮಾರು 3-4 ಮಿಲಿಆಂಪ್ ಕುಡಿಯುತ್ತೆ, ಅಂದರೆ 0.3-0.4 ವೋಲ್ಟ್. ಎಲ್ಲೋ ಶಾರ್ಟ್ ಆಗಿದ್ದರೆ ಹೆಚ್ಚೆಂದರೆ 90 ಮಿಲಿಆಂಪ್ ಹರಿದು ರೆಸಿಸ್ಟರ್ ಸುಟ್ಟ ವಾಸನೆ ಬರುತ್ತೆ. ಐಸಿ ಹೋಗುವುದಕ್ಕಿಂತ ಇದು ಅಗ್ಗ ಅಲ್ವಾ?

ಆಮೇಲೆ ಆ ಐಸಿಯ ಕಾಲುಗಳ ವೋಲ್ಟೇಜ್ ಅಳೆಯಿರಿ. 8ರಲ್ಲಿ ಹತ್ತಿರಹತ್ತಿರ 9, 4ರಲ್ಲಿ ಸೊನ್ನೆ, ಔಟ್‌ಪುಟ್ ಕಾಲುಗಳಾದ 1 ಮತ್ತು 7ರಲ್ಲಿ ಅರ್ಧ, ಅಂದರೆ 4.5ರ ಆಸುಪಾಸು. ಇಲ್ಲಿ ನಾನು ಒಮ್ಮೆ ಮೋಸಹೋದೆ. ಇನ್‌ಪುಟ್ ಆದ 3ನೇ ಕಾಲಿನಲ್ಲಿ 2.2 ತೋರಿಸಿತು, ಐಸಿ ಕೆಟ್ಟಿದೆ ಎಂದು ಕಿತ್ತು ಹಾಕಿದೆ. ತಪ್ಪು ಮೀಟರಿನದು. ಆ ಕಾಲಿಗೆ 1 ಮೆಗಾಓಮ್ ಮೂಲಕ ವೋಲ್ಟೇಜ್ ಬರುತ್ತೆ, ನನ್ನ ಅಗ್ಗದ ಮೀಟರಿನ ಒಳಗೂ 1 ಮೆಗಾಓಮ್ ಇತ್ತು. ಇಬ್ಬರೂ ಸಮಪಾಲು ಹಂಚಿಕೊಂಡರು. 10 ಮೆಗಾಓಮಿನ ಮೀಟರ್ ಆದರೆ 4.1 ತೋರಿಸುತ್ತೆ. ಔಟ್‌ಪುಟ್ ಕಾಲು ಸರಿ ಇದ್ದರೆ ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ವೋಲ್ಟೇಜ್ ಎಲ್ಲ ಸರಿ, ಆದರೂ ಶಬ್ದ ಇಲ್ಲವೇ? ಗಿಟಾರ್ ಆಂಪ್ಲಿಫೈಯರ್‌ಗೆ (ಆಂಪ್) ಹೋಗುವ ವೈರಿನ ತುದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆದು ಅದನ್ನೇ ಮೂಗಿನಂತೆ ಬಳಸಿ. ಆಂಪ್‌ನ ಶಬ್ದ ಸಣ್ಣಗಿರಲಿ. ಫೋನಿನಿಂದ ಗಿಟಾರ್ ರೆಕಾರ್ಡಿಂಗ್ ಒಂದನ್ನು ಸಣ್ಣ ವಾಲ್ಯೂಮಿನಲ್ಲಿ ಇನ್‌ಪುಟ್‌ಗೆ ಬಿಟ್ಟು, ಅಲ್ಲಿಂದ ಒಂದೊಂದೇ ಭಾಗ ಮುಟ್ಟುತ್ತ ಹೋಗಿ. ಶಬ್ದ ಎಲ್ಲಿ ಸಾಯುತ್ತೋ ಕಳ್ಳ ಅಲ್ಲೇ ಇದ್ದಾನೆ. ನಂತರ ಬಿದಿರಿನ ಕಡ್ಡಿಯಲ್ಲಿ ಬೆಸುಗೆಗಳನ್ನು ಮೆಲ್ಲಗೆ ತಟ್ಟಿ. ಕರಕರ ಅಂದರೆ ಆ ಬೆಸುಗೆ ಇನ್ನೊಮ್ಮೆ ಕಾಯಿಸಿ.

ಬರಿ ಬೋರ್ಡ್ ಗುಂಯ್ ಅನ್ನುವುದು ಸಹಜ. ಅದು ಮನೆಯ ಕರೆಂಟಿನ 50 ಹರ್ಟ್ಸ್. ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು, ಏನಕ್ಕೂ ತಾಗದಂತೆ, ಬೋರ್ಡಿನ ಮೇಲೆ ಬೋರಲು ಹಾಕಿ ಗ್ರೌಂಡ್ ಕ್ಲಿಪ್ ಕಚ್ಚಿಸಿ. ಗುಂಯ್ ಕಡಿಮೆಯಾದರೆ ಅಸಲಿ ಡಬ್ಬಿಯೂ ಅದನ್ನು ತಡೆಯುತ್ತೆ. ಕಡಿಮೆಯಾಗದಿದ್ದರೆ ಅಡಾಪ್ಟರ್ ತೆಗೆದು ಬ್ಯಾಟರಿ ಹಾಕಿ ನೋಡಿ. ಕರೆಂಟ್ ಹೋಗುವ ನಮ್ಮ ಊರಿನಲ್ಲಿ ಬ್ಯಾಟರಿ ಹೇಗೂ ಕೈಯಲ್ಲೇ ಇರುತ್ತೆ.

ಮಲೆನಾಡಿನವರಿಗೆ ಇನ್ನೊಂದು ಮಾತು ಜಾಸ್ತಿ ಹೇಳಬೇಕು. ಹಪ್ಪಳ ಮೆತ್ತಗಾಗುವ ತೇವದಲ್ಲಿ ಬೋರ್ಡ್ ಮೇಲೆ ಉಳಿದ ಬೆಸುಗೆಯ ಅಂಟು, ಫ್ಲಕ್ಸ್ ಕೂಡ ನೀರು ಹೀರುತ್ತೆ, ಸೂಕ್ಷ್ಮ ಇನ್‌ಪುಟ್‌ನಲ್ಲಿ ಕರೆಂಟ್ ಸೋರುತ್ತೆ. ಅದನ್ನು ಉಜ್ಜಿ ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ನನ್ನ ಫಜ್‌ನದು ಇನ್ನೂ ಫಜೀತಿ. 1966ರಲ್ಲಿ ಬಂದ ಫಜ್ ಫೇಸ್ ಎಂಬ ಪೆಡಲಿನಂತೆ ಅದರಲ್ಲಿ ಇರುವುದು ಜರ್ಮೇನಿಯಂ ಟ್ರಾನ್ಸಿಸ್ಟರ್. ಇವುಗಳ ಸೋರಿಕೆ ಪ್ರತಿ 10 ಡಿಗ್ರಿಗೆ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತೆ. ಜುಲೈನ 22 ಡಿಗ್ರಿಯಲ್ಲಿ ಎರಡನೇ ಟ್ರಾನ್ಸಿಸ್ಟರಿನ ಔಟ್‌ಪುಟ್ ಕಾಲಾದ ಕಲೆಕ್ಟರನ್ನು 4.5 ವೋಲ್ಟಿಗೆ ಕೂರಿಸಿದರೆ, ಏಪ್ರಿಲ್‌ನಲ್ಲಿ ಶಿವಮೊಗ್ಗದ 36 ಡಿಗ್ರಿಯಲ್ಲಿ ಸೋರಿಕೆ ಎರಡೂವರೆ ಪಟ್ಟು. ಬಯಾಸ್, ಅಂದರೆ ಕೂರಿಸಿದ ಆ ವೋಲ್ಟೇಜ್, ಜಾರುತ್ತೆ. ಅದಕ್ಕೇ ಆ ಕಲೆಕ್ಟರಿನ 8.2 ಕಿಲೋಓಮ್ ರೆಸಿಸ್ಟರ್ ಜಾಗಕ್ಕೆ, ತಿರುಗಿಸಿ ಹೊಂದಿಸಬಹುದಾದ ಸಣ್ಣ ಟ್ರಿಮ್‌ಪಾಟ್ ಹಾಕಿ, ಹತ್ತಿರ 60 ವ್ಯಾಟ್ ಬಲ್ಬ್ ಉರಿಸಿ ಬೋರ್ಡನ್ನು ಕಾಲು ಗಂಟೆ ಬೆಚ್ಚಗಿಟ್ಟು ಮತ್ತೆ ಅಳೆದೆ.

ಇಷ್ಟಾದ ಮೇಲೆ ಪಾಟ್‌ಗಳ ಬೆನ್ನಿಗೆ ಟೇಪ್, ಆಮೇಲೆ ಸ್ಕ್ರೂ. ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ಜುಲೈ, 22 ಡಿಗ್ರಿ, 4.5 ವೋಲ್ಟ್. ಅದರ ಕೆಳಗೆ ಏಪ್ರಿಲ್ ಎಂದು ಬರೆದು ಜಾಗ ಬಿಟ್ಟಿದ್ದೇನೆ.